ದೊಡ್ಡವ್ವನನ್ನು ನಿಲ್ಲಿಸಿದವರು

ಕೇಳಿ, ಆದರೆ ಪೂರ್ತಿ ಕೇಳಿ. ಅರ್ಧಕ್ಕೇ ಎದ್ದು ಹೋಗಿ ಆಮೇಲೆ ಕಟ್ಟೆ ಮೇಲೆ ಕೂತು ತೀರ್ಪು ಕೊಡುವವರನ್ನು ನಾನು ಈಗಾಗಲೇ ಬೇಕಾದಷ್ಟು ನೋಡಿದ್ದೇನೆ. ನಮ್ಮೂರಿನಲ್ಲಿ ನನ್ನನ್ನು ಬೈಯದವರಿಲ್ಲ. ಹಾಲು ತರಲು ಹೋದರೆ ಬೈಯುತ್ತಾರೆ, ಕ್ಷೌರದಂಗಡಿ ಮುಂದೆ ಹಾದರೆ ಒಳಗಿನಿಂದ ಬೈಯುತ್ತಾರೆ. ಒಬ್ಬರಾದರೂ ಮೊದಲಿನಿಂದ ಕೊನೆಯವರೆಗೆ ಕೇಳಿದ್ದಾರಾ ಅಂದರೆ ಇಲ್ಲ. ನೀವು ಕೇಳಿ. ಕೇಳಿದ ಮೇಲೆ ಬೈಯಬೇಕು ಅನ್ನಿಸಿದರೆ ಬೈಯಿರಿ, ಬೇಡ ಅನ್ನುವುದಿಲ್ಲ.

ನಮ್ಮೂರಿನಲ್ಲಿ ಕರೆಂಟು ನಡೆದ ಹಾಗೆ ಜನ ನಡೆಯುತ್ತಾರೆ. ಮೀಟರಿನ ಮುಳ್ಳು ಸರಿಯಾಗಿ ಐವತ್ತಕ್ಕೆ ನಿಂತಿದ್ದರೆ ಎಲ್ಲ ಸರಿ. ಕೆರೆಯಾಚೆಯ ಸೋಲಾರ್ ಬಯಲಿನ ಮೇಲೆ ಒಂದು ಮೋಡ ಬಂತೋ, ಮುಳ್ಳು ಕೆಳಗಿಳಿಯುತ್ತದೆ, ಅದರ ಜೊತೆ ನಾವೂ ನಿಧಾನವಾಗುತ್ತೇವೆ. ಮಾತು, ನಡಿಗೆ, ಅಗಿಯುವುದು, ಆಕಳಿಸುವುದು, ಎಲ್ಲ. ಗುಡ್ಡದ ಮೇಲಿನ ಗಾಳಿಗಿರಣಿಗಳಿಗೆ ಜೋರು ಗಾಳಿ ಹೊಡೆದರೆ ಚುರುಕಾಗುತ್ತೇವೆ. ಎಲ್ಲರೂ ಒಟ್ಟಿಗೇ ಆಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕಾಗೆಯಿಂದ. ಊರು ನಿಧಾನವಾದಾಗ ಕಾಗೆ ಕವಣೆಕಲ್ಲಿನ ಹಾಗೆ ರೊಯ್ಯನೆ ಹೋಗುತ್ತದೆ. ಊರು ಚುರುಕಾದಾಗ ಅದೇ ಕಾಗೆ ಆಕಾಶದಲ್ಲಿ ತೇಲುತ್ತ, ರೆಕ್ಕೆ ಎತ್ತಲೋ ಬೇಡವೋ ಎಂದು ಯೋಚಿಸುವ ಹಾಗೆ ಕಾಣುತ್ತದೆ. ಬೆಂಕಿ, ನೀರು, ಹಕ್ಕಿ, ಇಂಥ ಯಾವುದಕ್ಕೂ ನಮ್ಮ ಕರೆಂಟಿನ ಹಂಗಿಲ್ಲ.

ಇದರ ಜೊತೆ ಬಾಳುವುದನ್ನು ನಾವು ಯಾವತ್ತೋ ಕಲಿತಿದ್ದೇವೆ. ಗಾಳಿ ತಿಂಗಳಲ್ಲಿ ಮದುವೆ ಇಟ್ಟುಕೊಂಡರೆ ಹೊತ್ತು ಇಳಿಯುವುದರೊಳಗೆ ಎರಡು ಪಂಕ್ತಿ ಹೆಚ್ಚು ಊಟ ಬೀಳುತ್ತದೆ. ಮೋಡದ ದಿನ ಯಾರೂ ಬಾವಿಗೆ ಕೊಡ ಇಳಿಸುವುದಿಲ್ಲ. ಹೊರಗಿನಿಂದ ಬರುವ ಬಸ್ಸು ನಮ್ಮ ಮೊದಲ ಕಂಬ ದಾಟಿದ ಕೂಡಲೇ ಡ್ರೈವರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾನೆ, ನೋಡಿದರೆ ತಲೆ ಕೆಡುತ್ತದೆ ಎಂದು. ಎದುರಿಗೆ ಸಿಕ್ಕವರನ್ನು ನಾವು ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. "ಐವತ್ತಿದೀಯಾ?" ಅನ್ನುತ್ತೇವೆ. "ಐವತ್ತಿದೀನಿ" ಅನ್ನುವುದು ಉತ್ತರ.

ಇಷ್ಟೆಲ್ಲ ನಡೆಯುತ್ತಿದ್ದುದು ದೊಡ್ಡವ್ವನಿಂದ. ದೊಡ್ಡವ್ವ ಅಂದರೆ ಒಂದು ಕಬ್ಬಿಣದ ಚಕ್ರ. ಹಿಂದೆ ಕಲ್ಲಿದ್ದಲು ಸುಡುತ್ತಿದ್ದ ಕಾಲದ ಯಂತ್ರದ್ದು. ಕಲ್ಲಿದ್ದಲು ನಿಂತಿತು, ಹೊಗೆ ನಿಂತಿತು, ನಮ್ಮ ಅಪ್ಪಂದಿರ ಕೆಮ್ಮು ನಿಂತಿತು, ಚಕ್ರವನ್ನು ಮಾತ್ರ ತಿರುಗಲು ಬಿಟ್ಟರು. ಒಂದು ಮನೆಯಷ್ಟು ಎತ್ತರ, ಅವಳ ತೂಕ ಎಷ್ಟೆಂದು ತೂಗಿದವರಿಲ್ಲ. ಬಿಸಿಲು ಥಟ್ಟನೆ ಹೋದರೂ ಅವಳು ಥಟ್ಟನೆ ನಿಲ್ಲಲಾರಳು. ಅವಳು ಸೋಲುವುದು ನಿಧಾನ, ಆದ್ದರಿಂದ ಊರು ಇಳಿಯುವುದೂ ನಿಧಾನ, ನಿದ್ದೆ ಬಂದ ಕೂಸನ್ನು ತೊಟ್ಟಿಲಿಗೆ ಇಳಿಸಿದ ಹಾಗೆ. ಅಷ್ಟರಲ್ಲಿ ಗುಡ್ಡದ ಮೇಲ್ಕೆರೆಯಲ್ಲಿರುವ ದುರುಗಪ್ಪ ಮಾವ ತೂಬು ಎತ್ತುತ್ತಾನೆ, ನೀರು ಧುಮುಕಿ ಕೆಳಗಿನ ಯಂತ್ರ ತಿರುಗಿ ಮುಳ್ಳು ಮತ್ತೆ ಐವತ್ತಕ್ಕೆ ಬರುತ್ತದೆ. ದೊಡ್ಡವ್ವ ಹೊತ್ತು ಕೊಡುವವಳು, ದುರುಗಪ್ಪ ಮಾವ ಬಲ ಕೊಡುವವನು. ಇಷ್ಟೇ. ಇದು ಅರ್ಥವಾಗಲು ಯಾವ ದೊಡ್ಡ ಓದೂ ಬೇಡ.

ದೊಡ್ಡವ್ವನನ್ನು ನೋಡಿಕೊಳ್ಳುತ್ತಿದ್ದವಳು ನಾನು, ಚಂದ್ರಿ. ಡಿಪ್ಲೊಮಾ ಮುಗಿಸಿ ಬಂದ ವರ್ಷವೇ ಆ ಕೆಲಸ ಸಿಕ್ಕಿತು. ಗಾಳಿಗಿರಣಿ ಅಂದರೆ ನನಗೆ ಹುಚ್ಚು, ಬಿಸಿಲಿನಿಂದ ದೀಪ ಹತ್ತುತ್ತದೆ ಅಂದರೆ ಈಗಲೂ ಮೈ ಜುಮ್ಮೆನ್ನುತ್ತದೆ. ದಿನಾ ಸಂಜೆ ಹೊತ್ತು ಮುಳುಗುವಾಗ ಬಿಸಿಲು ಹೋಗುತ್ತದೆ, ಗಾಳಿಯೂ ಮಲಗುತ್ತದೆ, ಎಲ್ಲರೂ ಮನೆಗೆ ಬಂದು ದೀಪ ಹಾಕುತ್ತಾರೆ. ಅದೇ ಗಂಡಾಂತರದ ಹೊತ್ತು. ಮುಳ್ಳು ಐವತ್ತು ಬಿಟ್ಟು ಒಂದು ಕೂದಲೆಳೆ ಸರಿದರೆ ಸಾಕು, ನಾನು ಗಂಟೆ ಬಾರಿಸಿ "ಕೈ ತಗೀರಿ!" ಎಂದು ಕೂಗುತ್ತಿದ್ದೆ. ಬೀದಿಯಿಂದ ಬೀದಿಗೆ ಕೂಗು ಹೋಗುತ್ತಿತ್ತು. ಒಲೆಯ ಮುಂದಿದ್ದವರು ಕೈ ತೆಗೆದು ಹಿಂದೆ ಸರಿಯುವುದು, ಹಳ್ಳದಲ್ಲಿದ್ದವರು ದಡ ಹತ್ತುವುದು, ಎಲ್ಲರೂ ಜಗಲಿ ಮೇಲೆ ಕೂತು ಕಾಗೆ ನೋಡುವುದು. ಕಾಗೆ ತನ್ನ ಹದಕ್ಕೆ ಬಂದ ಮೇಲೆ ಏಳುವುದು. ನಮ್ಮೂರಿನಲ್ಲಿ ಎಷ್ಟೋ ಜಗಳ ಬಗೆಹರಿದದ್ದು, ಎಷ್ಟೋ ಸಂಬಂಧ ಕುದುರಿದ್ದು ಆ ಕೂತ ಹೊತ್ತಿನಲ್ಲೇ.

ಆಮೇಲೆ ಮುರುಗೇಂದ್ರಪ್ಪ ಊರಿಗೆ ಅಧ್ಯಕ್ಷನಾದ. ಆದವನೇ ಮಂಡಕ್ಕಿ ಹುರಿಯುವ ನಮ್ಮ ಭಟ್ಟಿ ಬೀದಿಯ ಎದುರಿಗೆ ತನ್ನ ಅಪ್ಪನ ಹೆಸರಲ್ಲಿ ಒಂದು ಭವನ ಕಟ್ಟಿಸಿದ. ಮೂರು ಅಂತಸ್ತು, ಗಾಜಿನ ಕಿಟಕಿ, ತಣ್ಣನೆ ಗಾಳಿ. ಅದರ ನೆಲಮಾಳಿಗೆಗೆ ಬ್ಯಾಟರಿ ತರಿಸಿದ. ಸುಳ್ಳು ಹೇಳಬಾರದು, ಆ ಬ್ಯಾಟರಿಗಳನ್ನು ನೋಡಿ ಕುಣಿದಾಡಿದವಳು ನಾನೇ. ಒಳ್ಳೇ ಬ್ಯಾಟರಿಗಳು. ಊರಿನ ಲೈನಿಗೆ ಕೊಟ್ಟಿದ್ದರೆ ದೊಡ್ಡವ್ವನಿಗಿಂತ ಚುರುಕಾಗಿ ಮುಳ್ಳು ಹಿಡಿಯುತ್ತಿದ್ದವು. ಆದರೆ ಅವನು ಕೊಟ್ಟದ್ದು ಭವನಕ್ಕೆ ಮಾತ್ರ. ಊರು ಹೇಗೇ ಇರಲಿ, ಭವನದ ಒಳಗೆ ಸದಾ ಐವತ್ತು. ಅಲ್ಲಿಗೆ ಹೋಗಿ ಬಂದವರು ಹೊರಗೆ ಬಂದು, "ಅಯ್ಯೋ, ನೀವೆಲ್ಲ ಎಷ್ಟು ನಿಧಾನ್ರೀ" ಎಂದು ನಗುವುದು ಶುರುವಾಯಿತು. ನಮ್ಮೂರಿನಲ್ಲಿ ಆ ಮಾತು ಅದುವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಮುರುಗೇಂದ್ರಪ್ಪ ನಾಲ್ಕೈದು ಜನರನ್ನು ಹಿಂದೆ ಹಾಕಿಕೊಂಡು ಚಕ್ರದ ಮನೆಗೆ ಬಂದ.

"ಏನವ್ವಾ ಚಂದ್ರಿ, ಈ ಮುದುಕಿ ಎಷ್ಟು ಕರೆಂಟು ಹುಟ್ಟಿಸ್ತಾಳೆ?"

"ಹುಟ್ಟಿಸಲ್ಲ ಅಧ್ಯಕ್ಷ್ರೇ."

"ತಿಂತಾಳಾ?"

"ತಿರುಗೋಕೆ ಒಂಚೂರು ಬೇಕಾಗ್ತೈತೆ."

"ದುಡಿಯಲ್ಲ, ತಿಂತಾಳೆ! ಇಂಥೋರು ನಮ್ಮನೇಲೂ ಅದಾರೆ ಬಿಡು." ಹಿಂದಿದ್ದವರು ಹೋ ಎಂದು ನಕ್ಕರು.

"ಅವ್ಳು ಕರೆಂಟು ಕೊಡಲ್ಲ, ಟೈಮ್ ಕೊಡ್ತಾಳೆ. ದುರುಗಪ್ಪ ಮಾವ ತೂಬು ಎತ್ತೋಕೆ ಟೈಮ್ ಬೇಕಲ್ಲ?"

"ಅವ್ನಿಗೆ ಬೇಗ ಎತ್ತೋಕೆ ಹೇಳು. ಕೂತು ಬೀಡಿ ಸೇದೋದು ಕಮ್ಮಿ ಮಾಡ್ಲಿ."

"ಊರು ಇಳಿದ್ರೆ ಮಾವಾನೂ ಇಳೀತಾನೆ ಅಧ್ಯಕ್ಷ್ರೇ! ಅವ್ನ ಕೈನೂ ನಿಧಾನ ಆಗ್ತೈತೆ. ಎತ್ತೋನೇ ನಿಧಾನ ಆದ್ಮೇಲೆ ಎತ್ತೋದು ಯಾರು? ನಿಮ್ ಬ್ಯಾಟರಿನ ಊರಿನ ಲೈನಿಗೆ ಕೊಡ್ರಿ, ದೊಡ್ಡವ್ವನ್ನ ನಾನೇ ನನ್ ಕೈಯಾರೆ ನಿಲ್ಲಿಸ್ತೀನಿ."

"ಕೊಡಾಣ, ಕೊಡಾಣ," ಎಂದು ನನ್ನ ತಲೆ ಸವರಿದ, ನಾನೇನೋ ಪೆಪ್ಪರಮೆಂಟು ಕೇಳಿದ ಹಾಗೆ. "ಮೊದ್ಲು ಭವನದ್ದೊಂದು ಆಗ್ಲಿ."

ಕೊಡಾಣ! ಈ ಮಾತು ಈಗಲೂ ಕಿವಿಯಲ್ಲಿ ಕೂತಿದೆ. ಅವತ್ತೇ ದೊಡ್ಡವ್ವನ ಲೈನು ಕಿತ್ತರು. ಅವಳು ಕೂಡಲೇ ನಿಂತಳು ಅಂದುಕೊಂಡಿರಾ? ಮಧ್ಯಾಹ್ನವಿಡೀ ತಿರುಗಿದಳು. ಯಾರೂ ಕೇಳದಿದ್ದರೂ, ಯಾರೂ ಕೊಡದಿದ್ದರೂ, ತನ್ನ ಪಾಡಿಗೆ ತಾನು. ನಾನು ಪಕ್ಕದಲ್ಲೇ ಕೂತಿದ್ದೆ. ಕೊನೆಯ ಸುತ್ತು ಮುಗಿಯುವಾಗ ಒಂದು ನಿಟ್ಟುಸಿರಿನಂಥ ಸದ್ದು ಬಂತು, ಅಷ್ಟೇ. ಮರುದಿನ ಭವನದ ಮುರಿದ ಕುರ್ಚಿಗಳನ್ನು ತಂದು ಅವಳ ಮೇಲೆ ಪೇರಿಸಿದರು. ನನ್ನನ್ನು ಭವನಕ್ಕೆ ಹಾಕಿದರು, ಫ್ಯಾನು ಲೈಟು ಹಾಕುವ ಆರಿಸುವ ಕೆಲಸಕ್ಕೆ.

ಕೆಲವು ದಿನ ಏನೂ ಆಗಲಿಲ್ಲ. ಬಿಸಿಲು ಚೆನ್ನಾಗಿತ್ತು, ಸಂಜೆ ಗಾಳಿಯೂ ಇತ್ತು. ಮುರುಗೇಂದ್ರಪ್ಪ ಸಿಕ್ಕಾಗಲೆಲ್ಲ, "ಏನವ್ವಾ, ಮುದುಕಿ ಇಲ್ದೆ ಊರು ಮುಳುಗಿತಾ?" ಅನ್ನುತ್ತಿದ್ದ. ಜನ ನಗುತ್ತಿದ್ದರು. ಗಂಟೆ ಬಾರಿಸುವವರಿಲ್ಲದೆ, ಕೈ ತಗೀರಿ ಅನ್ನುವ ಕೂಗೂ ನಿಂತುಹೋಯಿತು. ಅದು ಹಳೇ ಕಾಲದ್ದು ಅಂದರು.

ಆ ಸಂಜೆ ಭವನದಲ್ಲಿ ಮುರುಗೇಂದ್ರಪ್ಪನಿಗೆ ಸನ್ಮಾನ. ಕತ್ತಿನ ತುಂಬ ಹಾರ, ಮೈಕಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಹೊಗಳಿಕೆ. ನೆಲಮಾಳಿಗೆಯ ಅಡುಗೆಮನೆಯಲ್ಲಿ ಬೂಂದಿ ಕರಿಯುತ್ತಿದ್ದರು. ಪರಊರಿನಿಂದ ಕರೆಸಿದ ಅಡುಗೆಯವರ ಜೊತೆ ಕೈಯಾಳಾಗಿ ನಮ್ಮ ಬೀದಿಯಿಂದ ನನ್ನ ಅತ್ತಿಗೆ ಸಾಕಮ್ಮನನ್ನು ಕರೆದಿದ್ದರು. ಅಣ್ಣ ಕೊಟ್ರೇಶ ಎದುರು ಬೀದಿಯಲ್ಲಿ ನಮ್ಮ ಮಂಡಕ್ಕಿ ಭಟ್ಟಿಯ ಮುಂದೆ ಇದ್ದ. ಮಂಡಕ್ಕಿ ಭಟ್ಟಿ ನೋಡಿದವರಿಗೆ ಗೊತ್ತು. ಕಾದ ಮರಳಿಗೆ ಅಕ್ಕಿ ಸುರಿದರೆ ಉಸಿರು ಎಳೆಯುವುದರೊಳಗೆ ಅರಳುತ್ತದೆ, ಅಷ್ಟರಲ್ಲೇ ಜರಡಿಗೆ ಎತ್ತಬೇಕು. ಕೆಳಗೆ ಭತ್ತದ ಹೊಟ್ಟಿನ ಬೆಂಕಿ, ಬೆನ್ನ ಹಿಂದೆ ಹೊಟ್ಟಿನ ರಾಶಿ. ಎಲ್ಲ ಕೈಚಳಕದ ಮೇಲೆ ನಿಂತ ಕೆಲಸ. ಕೈ ಒಂದು ಗಳಿಗೆ ತಪ್ಪಿದರೆ ಮರಳು ಸಿಡಿಯುತ್ತದೆ, ಕಿಡಿ ಹಾರುತ್ತದೆ.

ನಾನು ಮೇಲಿನ ಅಂತಸ್ತಿನ ಕಿಟಕಿಯಲ್ಲಿ ನಿಂತಿದ್ದೆ. ಮುಳುಗುವ ಸೂರ್ಯನ ಮೇಲೆ ಒಂದು ಕಪ್ಪು ಮೋಡ ಬಂದು ಕೂತಿತು. ಗುಡ್ಡದ ಗಿರಣಿಗಳ ರೆಕ್ಕೆ ಒಂದೊಂದಾಗಿ ನಿಂತವು. ಅದೇ ಹೊತ್ತಿಗೆ ಊರಿನ ದೀಪಗಳೆಲ್ಲ ಹತ್ತಿದವು. ಅಷ್ಟೇ, ಊರು ಕುಸಿಯಿತು. ಮೆಲ್ಲಗೆ ಇಳಿಯಲಿಲ್ಲ, ಕಾಲ ಕೆಳಗಿನ ಹಲಗೆ ಎಳೆದ ಹಾಗೆ ಬಿತ್ತು. ಬೀದಿಯಲ್ಲಿ ಒಬ್ಬಾಕೆ ಅಂಗಳಕ್ಕೆ ನೀರು ಎರಚಿದ್ದಳು. ನೀರು ನೆಲಕ್ಕೆ ಬಿದ್ದು ಹರಿದುಹೋಯಿತು, ಅವಳು ಇನ್ನೂ ಎರಚುತ್ತಲೇ ಇದ್ದಳು. ಚೆಂಡಿನ ಹಿಂದೆ ಓಡುತ್ತಿದ್ದ ಹುಡುಗರ ಕಾಲು ಗಾಳಿಯಲ್ಲೇ ಇದ್ದವು.

ಭವನದ ಜನ ಕಿಟಕಿಗೆ ಮುಗಿಬಿದ್ದರು. ನೋಡಿ, ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೇ. ಅವರು ನಕ್ಕರು!

"ನೋಡ್ರೋ ನೋಡ್ರೋ, ಜೇನುತುಪ್ಪದಾಗೆ ಬಿದ್ದ ನೊಣದಂಗೆ ಅದಾರೆ!"

"ಲೇ, ಅಂವ ನಮ್ ಶೇಖ್ರಪ್ಪ ಅಲ್ವೇನೋ? ಸೀನೋಕೆ ಬಾಯಿ ತೆಗ್ದು ಎಷ್ಟೊತ್ತಾತು, ಇನ್ನೂ ಸೀನಿಲ್ಲ!"

ತಟ್ಟೆಯಲ್ಲಿ ಬೂಂದಿ ಹಿಡಿದು, ಬಾಯಿಗೆ ಹಾಕಿಕೊಳ್ಳುತ್ತ, ತಮ್ಮದೇ ಊರಿನ ಜನರನ್ನು ನೋಡಿ ನಕ್ಕರು. ನಾನು ಭಟ್ಟಿ ನೋಡುತ್ತಿದ್ದೆ. ಅಣ್ಣನ ಕೈ ಜರಡಿಯತ್ತ ಹೊರಟಿತ್ತು, ಮುಟ್ಟಿರಲಿಲ್ಲ. ಮರಳು ಕೆಂಪಾಗಿ ಸಿಡಿಯಿತು. ಕಿಡಿ ಹಾರಿ ಅವನ ಹಿಂದಿನ ಹೊಟ್ಟಿನ ರಾಶಿಗೆ ಬಿತ್ತು. ಬೆಂಕಿಗೆ ನಮ್ಮ ಮುಳ್ಳಿನ ಗೊಡವೆ ಇಲ್ಲವಲ್ಲ, ಅದು ತನ್ನ ವೇಗದಲ್ಲೇ ಎದ್ದಿತು, ಅವನ ಎತ್ತರಕ್ಕೆ ಬಂದಿತು. ಅಣ್ಣ ಇನ್ನೂ ಕತ್ತು ತಿರುಗಿಸಿರಲಿಲ್ಲ.

ನೆಲಮಾಳಿಗೆಯಲ್ಲಿ ಬ್ಯಾಟರಿಯ ಪಕ್ಕ ಒಂದು ಹಿಡಿ ಇತ್ತು. ಅದು ಭವನದ ಕಡೆ ಇದ್ದರೆ ಬ್ಯಾಟರಿ ಭವನಕ್ಕೆ ಮಾತ್ರ. ಊರಿನ ಕಡೆ ಎಳೆದರೆ ಎಲ್ಲರಿಗೂ. ಆದರೆ ಎಳೆದ ಗಳಿಗೆಯಲ್ಲಿ ಭವನವೂ ಊರು ಬಿದ್ದಿರುವಷ್ಟೇ ಕೆಳಗೆ ಬೀಳುತ್ತದೆ, ಆಮೇಲೆ ಎರಡೂ ಒಟ್ಟಿಗೆ ಮೇಲೇಳುತ್ತವೆ. ನಾನು ಓಡಿ ಹೋಗಿ ಮುರುಗೇಂದ್ರಪ್ಪನ ತೋಳು ಹಿಡಿದೆ.

"ಅಧ್ಯಕ್ಷ್ರೇ, ಹಿಡಿ ಎಳೀಬೇಕು! ಭಟ್ಟಿಗೆ ಬೆಂಕಿ ಬಿದ್ದೈತೆ, ಅಲ್ಲಿ ನಮ್ಮಣ್ಣ ಅದಾನೆ!"

ಅವನು ಕಿಟಕಿಯ ಕಡೆ ಒಮ್ಮೆ ನೋಡಿದ. ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆಮೇಲೆ ಇಲ್ಲವೆಂದು ಆಣೆ ಮಾಡಿದ. "ಸನ್ಮಾನ ನಡೀತೈತಲ್ಲವ್ವಾ. ದುರುಗಪ್ಪ ಎತ್ತುತಾನೆ ತಡಿ," ಅಂದ. ಮೇಲ್ಕೆರೆಯಲ್ಲಿ ದುರುಗಪ್ಪ ಮಾವ ಆಗ ತೂಬಿನ ಕಡೆ ಒಂದು ಹೆಜ್ಜೆ ಎತ್ತಿದ್ದಿರಬೇಕು, ಇನ್ನೂ ನೆಲಕ್ಕೆ ಊರಿರಲಿಲ್ಲ.

ನಾನು ಮೆಟ್ಟಿಲು ಹಾರಿಕೊಂಡು ಇಳಿದೆ. ಅಡುಗೆಮನೆಯಲ್ಲಿ ದೊಡ್ಡ ಬಾಣಲೆ, ಕುದಿಯುವ ಎಣ್ಣೆ. ಒಬ್ಬ ಪರಊರಿನ ಹೆಂಗಸು ಸ್ಟೂಲಿನ ಮೇಲೆ ನಿಂತು, ಬಾಣಲೆಯ ಮೇಲೆ ಬಾಗಿ, ಝಾರದಲ್ಲಿ ಬೂಂದಿ ಉದುರಿಸುತ್ತಿದ್ದಳು. ಹಿಡಿ ಅಲ್ಲಿಂದ ನಾಲ್ಕು ಮಾರು ದೂರ.

"ಕೈ ತಗೀರಿ!" ಎಂದು ಕೂಗಿದೆ.

ಸಾಕಮ್ಮ ಚಕ್ಕನೆ ಕೈ ತೆಗೆದು ಗೋಡೆಗೆ ಸರಿದಳು. ಹುಟ್ಟಿದಾಗಿನಿಂದ ಕೇಳಿದ ಕೂಗು, ಮೈಯೇ ಕೇಳಿತು. ಪರಊರಿನವರಿಗೆ ಏನು ಗೊತ್ತು? ಸ್ಟೂಲಿನ ಮೇಲಿದ್ದಾಕೆ ಝಾರ ಹಿಡಿದೇ ನಕ್ಕು, "ಯಾಕ್ರವ್ವಾ, ಯಾರ ಕೈ ತಗೀಬೇಕು?" ಅಂದಳು.

"ಇಳೀರಿ, ಇಳೀರಿ ಕೆಳಗೆ!" ಅಂದೆ.

"ಪಾಕ ಕೆಡ್ತೈತ್ರವ್ವಾ, ಇದೊಂದು ಒಬ್ಬೆ ಆಗ್ಲಿ."

ಸಾಕಮ್ಮ ನನ್ನ ಮುಖ ನೋಡಿದಳು. "ಏನೇ ಚಂದ್ರಿ?"

"ಅಣ್ಣ," ಅಂದೆ. "ಭಟ್ಟಿ."

ಇನ್ನೇನೂ ಹೇಳಬೇಕಾಗಲಿಲ್ಲ. "ಎಳಿ," ಅಂದಳು. ಅಂದು, ತಾನು ಮಾತ್ರ ಗೋಡೆ ಬಿಟ್ಟು ಬಾಣಲೆಯ ಕಡೆ ಓಡಿದಳು, ಆ ಹೆಂಗಸನ್ನು ಎಳೆದುಕೊಳ್ಳಲು. ನಾನು ಹಿಡಿಯ ಮೇಲೆ ಕೈ ಇಟ್ಟಿದ್ದೆ. ಸಾಕಮ್ಮ ಬಾಣಲೆಯ ಹತ್ತಿರ ಹೋಗುತ್ತಿರುವುದು ಕಾಣುತ್ತಿತ್ತು. ಅವಳು ಆಕೆಯನ್ನು ಇಳಿಸಿ ಹಿಂದೆ ಬರುವವರೆಗೆ ಕಾಯಬಹುದಿತ್ತು. ಕಾಯಬಹುದಿತ್ತಾ? ಹೊರಗೆ ಬೆಂಕಿ ಕಾಯುತ್ತಿತ್ತಾ?

ಎಳೆದೆ.

ನನಗೆ ನಿಧಾನ ಅನ್ನಿಸಲಿಲ್ಲ, ಯಾರಿಗೂ ಅನ್ನಿಸುವುದಿಲ್ಲ. ಎಣ್ಣೆಗೆ ಜೀವ ಬಂತು, ಅಷ್ಟೇ ಕಂಡದ್ದು. ಸಾಕಮ್ಮ ಆ ಹೆಂಗಸಿನ ಸೊಂಟ ಹಿಡಿದು ಎಳೆದಳು, ಸ್ಟೂಲು ವಾಲಿ ಬಾಣಲೆಗೆ ತಗುಲಿತು. ಎಂದಿನ ಹಾಗಾಗಿದ್ದರೆ ಇಬ್ಬರೂ ಹಾರಿ ಈಚೆ ಬರುತ್ತಿದ್ದರು. ಆದರೆ ಎಣ್ಣೆ ಮಿಂಚಿನ ಹಾಗೆ ನೆಲಕ್ಕೆ ಬಂದು ಸಾಕಮ್ಮನ ಪಾದದ ಮೇಲೆ ಹರಿಯಿತು. ಅವಳು ಕಾಲು ಎತ್ತಬೇಕೆಂದುಕೊಳ್ಳುವುದರೊಳಗೆ ಹರಿದು ಮುಗಿದಿತ್ತು. ಆಮೇಲೆ ಬ್ಯಾಟರಿ ಊರನ್ನೇ ಎತ್ತಿ ನಿಲ್ಲಿಸಿತು. ಮುಳ್ಳು ಐವತ್ತಕ್ಕೆ ಬಂತು. ಆಗ ಅವಳ ಕೂಗು ಕೇಳಿಸಿತು.

ಅಣ್ಣ ಉಳಿದ. ಅಂಗಿಯ ಬೆನ್ನು ಸುಟ್ಟಿತ್ತು, ಕತ್ತಿನ ಹಿಂದೆ ಬೊಬ್ಬೆ, ಅಷ್ಟೇ. ಬೀದಿಯವರೆಲ್ಲ ತಮ್ಮ ವೇಗ ತಮಗೆ ಬಂದ ಕೂಡಲೇ ಕೊಡಗಟ್ಟಲೆ ನೀರು ಹೊತ್ತು ಬೆಂಕಿ ಆರಿಸಿದರು. ಭಟ್ಟಿ ಹೋಯಿತು. ಸ್ಟೂಲಿನ ಮೇಲಿದ್ದಾಕೆಗೆ ಏನೂ ಆಗಲಿಲ್ಲ. ಸಾಕಮ್ಮ ಎರಡೂ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಮಂಚ ಹಿಡಿದಿದ್ದಾಳೆ. ಇನ್ನೆಷ್ಟು ದಿನಕ್ಕೆ ನೆಲಕ್ಕೆ ಕಾಲೂರುತ್ತಾಳೋ ಡಾಕ್ಟರೂ ಹೇಳುವುದಿಲ್ಲ.

ಊರು ಸೇರಿತು. ಮುರುಗೇಂದ್ರಪ್ಪ ಎದ್ದು ನಿಂತು ಏನು ಮಾತಾಡಿದ ಗೊತ್ತಾ? "ನಾನು ನೋಡ್ಕಂತಿದ್ದೆ. ಈ ಹುಡುಗಿ ಆತುರಕ್ಕೆ ಬಿದ್ದು ಸ್ವಂತ ಅತ್ತಿಗೆ ಕಾಲು ಸುಟ್ಟಳು," ಅಂದ. ಜನ ತಲೆ ಆಡಿಸಿದರು. ಬೂಂದಿ ತಿಂದ ಬಾಯಿಗಳು! ಇನ್ನೊಬ್ಬ ಎದ್ದು, "ಈ ಬಿಸಿಲು ಗಾಳಿ ನಂಬಿ ಕೆಟ್ವಿ, ಕಲ್ಲಿದ್ದಲೇ ಸರಿ ಇತ್ತು," ಅಂದ. ನನಗೆ ತಡೆಯಲಾಗಲಿಲ್ಲ. ನಡುವೆ ನಿಂತು ಕೂಗಿದೆ.

"ಸೂರ್ಯ ದಿನಾ ಮುಳುಗ್ತಾನೆ! ಮುಳುಗಿದ್ದು ಅವ್ನ ತಪ್ಪಾ? ಮುಳುಗ್ತಾನೆ ಅಂತ ಗೊತ್ತಿದ್ದೂ ದೊಡ್ಡವ್ವನ್ನ ನಿಲ್ಲಿಸಿದ್ದು ಯಾರು? ಬ್ಯಾಟರಿನ ಮನೆ ಕಟ್ಟಿ ಕೂಡಿಹಾಕಿದ್ದು ಯಾರು? ಕಿಟಕೀಲಿ ನಿಂತು ನಕ್ಕಿದ್ದು ಯಾರು?"

"ದೊಡ್ಡೋರ ಮುಂದೆ ಹೀಗಾ ಮಾತಾಡೋದು?" ಅಂದರು. ಕೊನೆಗೆ ತೀರ್ಮಾನ ಆಗಿದ್ದು ಇದು. ಹಿಡಿಗೆ ಬೀಗ, ಬೀಗದ ಕೈ ಮುರುಗೇಂದ್ರಪ್ಪನ ಸೊಂಟದಲ್ಲಿ. ಹಿಡಿ ಮತ್ತೆ ಭವನದ ಕಡೆಗೇ. ನಾನು ಎಲ್ಲರ ಮುಂದೆ ತಪ್ಪಾಯಿತು ಅಂದರೆ ಕೆಲಸ ವಾಪಸ್. ಅನ್ನುವುದಿಲ್ಲ ಅಂದೆ. ದೊಡ್ಡವ್ವನ ಮೇಲೆ ಕುರ್ಚಿಗಳು ಹಾಗೇ ಇವೆ.

ಮನೆಯಲ್ಲೂ ಸುಖವಿಲ್ಲ. ಅಣ್ಣ ನನ್ನ ಮುಖ ನೋಡುವುದಿಲ್ಲ. ಮೊನ್ನೆ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ, "ಅವ್ಳು ಈಚೆ ಬರೋತಂಕ ಕಾಯ್ಬೇಕಿತ್ತು," ಅಂದ.

"ಕಾದಿದ್ರೆ ನೀನು ಇರ್ತಿರ್ಲಿಲ್ಲ ಕಣಣ್ಣ."

"ಇರ್ತಿರ್ಲಿಲ್ಲ, ಅಷ್ಟೇ ತಾನೆ."

ಸಾಕಮ್ಮ ಮಂಚದಿಂದಲೇ ಸಿಡಿದಳು. "ಇಬ್ರೂ ಬಾಯಿ ಮುಚ್ಚಿ ಉಣ್ರಿ! ಸುಟ್ಟಿದ್ದು ನನ್ನ ಕಾಲು, ನಾನು ಸುಮ್ಕಿದೀನಿ. ಆ ಮುರುಗೇಂದ್ರಪ್ಪನ ಕೊರಳಪಟ್ಟಿ ಹಿಡಿಯೋದು ಬಿಟ್ಟು ಒಬ್ರನ್ನೊಬ್ರು ತಿಂತೀರಲ್ಲ, ನಾಚ್ಕಿ ಆಗಲ್ವಾ? ಎಳಿ ಅಂದೋಳು ನಾನು. ಅದನ್ಯಾಕೆ ಯಾರೂ ಹೇಳಲ್ಲ?"

ಅಣ್ಣ ಅರ್ಧ ಊಟಕ್ಕೇ ಎದ್ದು ಹೋದ. ಈಗ ದಿನಾ ಸಂಜೆ ಸಾಕಮ್ಮ ಮಂಚವನ್ನು ಕಿಟಕಿಗೆ ಎಳೆಸಿಕೊಂಡು ಕಾಗೆ ನೋಡುತ್ತ ಕೂರುತ್ತಾಳೆ. ಮುಳ್ಳಿಲ್ಲ, ಗಂಟೆಯಿಲ್ಲ, ಬರೀ ಕಾಗೆ. ಸೂರ್ಯ ಗುಡ್ಡ ಮುಟ್ಟುವ ಮೊದಲೇ, ಊರು ಇಳಿಯಲಿ ಇಳಿಯದಿರಲಿ, ಎದೆ ಬಿರಿಯುವ ಹಾಗೆ ಕೂಗುತ್ತಾಳೆ, "ಕೈ ತಗೀರಿ!" ಭಟ್ಟಿ ಬೀದಿ ಪೂರ್ತಿ ಕೈ ತೆಗೆದು ಜಗಲಿಗೆ ಬಂದು ಕೂರುತ್ತದೆ, ನನ್ನನ್ನು ಬೈಯುವವರೂ ಸೇರಿ. ಎದುರಿನ ಭವನದ ಕಿಟಕಿಯಲ್ಲಿ ಈಗಲೂ ತಲೆಗಳು ಕಾಣುತ್ತವೆ. ನೆಲಮಾಳಿಗೆಯಲ್ಲಿ ಈಗಲೂ ಎಣ್ಣೆ ಕುದಿಯುತ್ತದೆ. ಬೀಗವನ್ನು ನಾನು ಹೋಗಿ ನೋಡಿಕೊಂಡು ಬಂದಿದ್ದೇನೆ. ಕಲ್ಲಿನ ಒಂದೇ ಏಟಿಗೆ ಬರುವಂಥದ್ದು.

ಇಷ್ಟೇ ನಡೆದದ್ದು, ಒಂದನ್ನೂ ಮುಚ್ಚಿಟ್ಟಿಲ್ಲ. ಈಗ ಹೇಳಿ. ಕಿಟಕಿಯಾಚೆ ಅಣ್ಣ ಕತ್ತು ತಿರುಗಿಸಿಲ್ಲ, ಕಣ್ಣೆದುರು ಅತ್ತಿಗೆ ಬಾಣಲೆಯ ಕಡೆ ಓಡುತ್ತಿದ್ದಾಳೆ, ಮೇಲೆ ಚಪ್ಪಾಳೆ ಕೇಳುತ್ತಿದೆ, ಹಿಡಿ ನಿಮ್ಮ ಕೈಯಲ್ಲಿದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?